ಸಂಬಳದ ಸೂರು

ಸಾಲ್ಮಿಯಾದಲ್ಲಿ ರಾತ್ರಿ ಹತ್ತಕ್ಕೂ
ಹೊರಗೋಡೆ ಮುಟ್ಟಿದರೆ ಬೆರಳು ಚುರ್ ಅನ್ನುತ್ತದೆ.
ಒಳಗೆ ನಾನು, ಉಣ್ಣೆಯ ಸ್ವೆಟರ್ ತೊಟ್ಟು,
ಕೆಳಗಿನ ಐಸಿನ ಅಂಗಳಕ್ಕೆ ಬೆನ್ನು ಮಾಡಿ
ಹನ್ನೆರಡರೊಳಗೆ ಒಂದು ಲೆಕ್ಕ ಮುಗಿಸಬೇಕು.

ಒಂದು ಲಕ್ಷದ ಎಂಬತ್ತು ಸಾವಿರ ದಿನಾರು:
ತಂಡಕ್ಕಿಷ್ಟೇ ಎಂದು ಲೀಗಿನವರು ಹೊದಿಸಿದ ಸೂರು.
ಅದಕ್ಕಿಂತ ಒಂದು ಫಿಲ್ಸ್ ಎತ್ತರವಾದರೂ
ತಲೆ ಬಡಿಯುತ್ತದೆ, ಮೊದಲು ಯಜಮಾನರದು,
ಆಮೇಲೆ ನನ್ನದು.

ಸದ್ಯಕ್ಕೆ ಅಡಿಯಲ್ಲಿ ಇಪ್ಪತ್ತೊಂದು ಮಂದಿ,
ಒಂದು ಲಕ್ಷದ ಎಪ್ಪತ್ತೊಂದು ಸಾವಿರದ ನಾನೂರು.
ಅದರಲ್ಲಿ ಮಾರೆಕ್ ಒಬ್ಬನೇ ನಲವತ್ತೆರಡು ಸಾವಿರ,
ಇನ್ನೂ ಮೂರು ವರ್ಷದ ಕಾಗದ.
ಮೂವತ್ತನಾಲ್ಕು ಗೋಲು. ಮೂವತ್ತಮೂರು ವಯಸ್ಸು.
ಎಡಮಂಡಿಯಲ್ಲಿ, ಮೆಟ್ಟಿಲಿಳಿವಾಗ ಮಾತ್ರ
ಕೇಳುವ ಒಂದು ಸದ್ದು.

ಮನಾಮದವರು ಅವನನ್ನು ಕೇಳುತ್ತಿದ್ದಾರೆ.
ಬದಲಿಗೆ ಇಬ್ಬರು ಹುಡುಗರು, ತಲಾ ಹದಿನಾಲ್ಕೂವರೆ.
ಕಳೆದು, ಕೂಡಿ, ಮತ್ತೆ ಕಳೆದರೆ
ಇಪ್ಪತ್ತೊಂದು ಸಾವಿರದ ಆರುನೂರರಷ್ಟು ಗಾಳಿ ಆಡುತ್ತದೆ.
ಆ ಗಾಳಿಗೆ ರಿಗಾದ ಗೋಲ್‌ಕೀಪರ್ ಒಬ್ಬ
ಇಪ್ಪತ್ತೊಂದೂವರೆಗೆ ಹೂಂ ಅಂದಿದ್ದಾನೆ.
ಉಳಿಯುವುದು ನೂರು.
"ಭಲೇ, ಬೆಳ್ಯಪ್ಪ!" ಅಬು ಫಹದ್ ಫೋನಿನಲ್ಲಿ,
ದಿವಾನಿಯಾದ ಚಹದ ಲೋಟಗಳ ಸದ್ದಿನ ನಡುವಿಂದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಕಾಲು ಯಾರದೆಂದು ಗಾದೆ ಹೇಳುವುದಿಲ್ಲ.

ಕೋಚ್ ಯುಸ್ಸಿ ಎರಡು ಸಲ ಬಾಗಿಲವರೆಗೆ ಬಂದು ಹೋದ.
ಈ ವರ್ಷ ಕಪ್ಪು ಬೇಕೋ, ಮೂರು ವರ್ಷಕ್ಕೆ ತಂಡ ಬೇಕೋ?
ಕೇಳಿದ್ದು ನನ್ನನ್ನಲ್ಲ, ಬಾಗಿಲ ಚೌಕಟ್ಟನ್ನು.

ನಮ್ಮಲ್ಲಿ ಬೇಸಿಗೆಯ ಹಾಕಿ ಬೇರೆ ಥರ.
ಕೆಮ್ಮಣ್ಣಿನ ಮೈದಾನ, ಒಕ್ಕಕ್ಕೊಂದು ತಂಡ,
ಹುಟ್ಟಿದ್ದೇ ಆಯ್ಕೆ.
ಪೊನ್ನಪ್ಪ ದೊಡ್ಡಪ್ಪ ಅರವತ್ತೊಂದಕ್ಕೂ ಫುಲ್‌ಬ್ಯಾಕ್.
ಚೆಂಡು ಅವರ ಕಾಲ ಸಂದಿಯಲ್ಲೇ ಹೋಗುತ್ತದೆಂದು
ಎದುರಾಳಿಗೆ ಗೊತ್ತು, ರೆಫರಿಗೆ ಗೊತ್ತು,
ಗೋಲಿನಲ್ಲಿ ನಿಂತ ದೇಚು ಚಿಕ್ಕಮ್ಮನಿಗಂತೂ ಬಾಯಿಪಾಠ.
ಒಂದೇ ಪಂದ್ಯದಲ್ಲಿ ಆರು ತಿಂದೆವು.
ದೊಡ್ಡಪ್ಪನನ್ನು ಆಚೆ ಒಕ್ಕಕ್ಕೆ ಕೊಟ್ಟು
ಅವರ ಮಿಲಿಟರಿ ಹುಡುಗನನ್ನು ತರೋಣವೆಂದು
ಯಾರಿಗೂ ಹೊಳೆಯಲಿಲ್ಲ.
ಹೊಳೆದಿದ್ದರೆ ಗೆಲ್ಲುತ್ತಿದ್ದೆವು. ಸುಳ್ಳು ಯಾಕೆ ಹೇಳಲಿ.

ಹನ್ನೊಂದು ಇಪ್ಪತ್ತು. ಮಾರೆಕ್‌ನ ಕಡತದಿಂದ
ಒಂದು ರಸೀದಿ ಜಾರಿ ಕಾಲಬಳಿ ಬಿತ್ತು:
ಮಗಳ ಶಾಲೆ, ಎರಡನೆಯ ಕಂತು,
ಆರುನೂರ ನಲವತ್ತು ದಿನಾರು, ಐನೂರು ಫಿಲ್ಸ್,
ಹಿಂತಿರುಗಿಸಲಾಗದು ಎಂದು ಅಡಿಯಲ್ಲಿ, ಎರಡು ಭಾಷೆಯಲ್ಲಿ.
ಮೊನ್ನೆ ಸಹಿ ಮಾಡಿದವನು ನಾನೇ.
ಯಾವ ಕಾಲಮಿಗೆ ಹಾಕಲಿ ಇದನ್ನು?
ಪಕ್ಕದಲ್ಲಿ ಒಂದು ಹೊಸ ಕಾಲಂ ಎಳೆದೆ.
ಹೆಸರು ತೋಚಲಿಲ್ಲ. ಅಳಿಸಿದೆ.

ಹನ್ನೆರಡು ವರ್ಷದ ಕೆಳಗೆ ನಾನೂ ಹೀಗೇ ಕೈ ಬದಲಾದವನು.
ಗುತ್ತಿಗೆ ಕಂಪನಿಯೊಂದು ಇನ್ನೊಂದನ್ನು ಕೊಂಡಾಗ
ನಾಲ್ಕು ಕ್ರೇನು, ಒಂಬತ್ತು ಎ.ಸಿ., ಗುಮಾಸ್ತರು ಏಳು.
ಇಕಾಮಾದ ಮೇಲೆ ಹೊಸ ಯಜಮಾನನ ಹೆಸರು ಬಂತು,
ಫೋಟೋ ಮಾತ್ರ ಹಳೆಯದೇ.
ಆ ರಾತ್ರಿ ಯಾವನೋ ಒಬ್ಬ ಹೀಗೆ ಕೂತು
ನನ್ನನ್ನು ಎಷ್ಟಕ್ಕೆ ತೂಗಿದನೋ.
ಸಿಟ್ಟಿಲ್ಲ. ಆ ಹಾಳೆಯನ್ನೊಮ್ಮೆ ನೋಡುವ ಆಸೆಯಿದೆ,
ಅಷ್ಟೆ. ಕೂಡಿಸಿದ್ದು ಸರಿಯಿತ್ತೇ ಎಂದು.

ಹನ್ನೊಂದು ನಲವತ್ತೆಂಟಕ್ಕೆ ಕಳಿಸಿದೆ.
ಕೊಡಬಹುದು, ಎಂದು ಬರೆದೆ. ಲೆಕ್ಕ ಹಾಗೇ ಹೇಳುತ್ತಿತ್ತು.
ಮಂಡಿಯೂ ಹಾಗೇ ಹೇಳುತ್ತಿತ್ತು.

ಹಿಂಬಾಗಿಲಲ್ಲಿ ಸಬೂರ್,
ಐಸು ಹೆರೆಯುವ ಬಂಡಿಯಿಂದ ದಿನದ ಹೆರೆತವನ್ನು
ಸಿಮೆಂಟಿನ ಮೇಲೆ ಸುರಿಯುತ್ತಿದ್ದ.
ತಿಂಗಳಿಗೆ ನೂರಿಪ್ಪತ್ತು, ಯಾವ ಸೂರಿನ ಲೆಕ್ಕಕ್ಕೂ ಬರದವನು.
"ಮುಗೀತಾ ಸಾರ್?"
"ಮುಗೀತು. ನೂರು ಉಳೀತು."
"ಯಾರಿಗೆ?" ಅಂತ ನಕ್ಕ.

ಕಾರುಗಳ ಕೆಳಗಿಂದ ಬೆಕ್ಕುಗಳು ಬಂದವು.
ಬಿಳಿ ಗುಡ್ಡೆ ಚರಂಡಿ ಮುಟ್ಟುವ ಮೊದಲೇ
ಅರ್ಧ ನೀರು, ಅರ್ಧ ಹಬೆ.
ಒಂದು ಮರಿ ಮಾತ್ರ ಗಡ್ಡೆಯಂಥದ್ದನ್ನೇ ಹುಡುಕಿ
ನಾಲಗೆ ಇಟ್ಟು, ಬೆಚ್ಚಿ,
ಮತ್ತೆ ಇಟ್ಟಿತು.