ಹತ್ತು ಗಂಟೆಯ ಮಾತೆ

ಪೊರ್ವೆನೀರಿನಲ್ಲಿ ಜುಲೈ ಅಂದರೆ
ಹತ್ತು ಗಂಟೆಗೆ ಬೆಳಗಾಗುವುದು.
ಅಷ್ಟರಲ್ಲಿ ನಾವು ನಾನೂರು ಮುಳ್ಳೇಡಿಗಳ ಕಾಲು ಮುರಿದಿರುತ್ತೇವೆ,
ಕೈಗವಸಿನೊಳಗಿನ ಬೆರಳು ಬೇರೆ ಯಾರದೋ ಆಗಿರುತ್ತದೆ.
ಗಂಟೆ ಬಾರಿಸಿದ್ದೇ ತಡ
ಉಗಿ ಹಿಡಿದ ಊಟದ ಕೋಣೆಯಲ್ಲಿ ಎಂಟು ಜನ,
ಒಂದು ಕೆಟಲು, ಒಂದು ಸೋರೆಬುರುಡೆ, ಒಂದು ಲೋಹದ ಕೊಳವೆ.
ಸುರಿಯುವವಳು ನಾನು.

ಮಾತೆ ಅಂದರೆ ಕಹಿ ಎಲೆ, ಬಿಸಿನೀರು, ಅಷ್ಟೇ.
ಆದರೂ ಮಾತೆ ಅಂದರೆ ಮಾತೇ.
ಬುರುಡೆ ಕೈಗೆ ಬಂದವರು ಬಾಯಿ ಬಿಡಬೇಕು:
ಬಾಲ್ದೊಮೇರೋನ ಹೆಂಡತಿಯ ಹಲ್ಲುನೋವು,
ದೋಣಿ ಮಾರಿ ಬಂದ ದುಡ್ಡು ಹೋದದ್ದೆಲ್ಲಿ,
ನೊಲ್ಫಾಳ ಮಗ ಮೀಸೆ ಬಿಟ್ಟದ್ದು.
ಹೀರಿ, ಒರೆಸದೆ, ನನಗೆ ಹಿಂದಿರುಗಿಸಬೇಕು.
ಒರೆಸಿದರೆ ಅವಮಾನ.
'ಗ್ರಾಸಿಯಾಸ್' ಅಂದರೆ ಇನ್ನು ಸಾಕು ಎಂದರ್ಥ,
ಅದನ್ನು ಬೇಗ ಅಂದವರ ಮೇಲೆ ಎಲ್ಲರಿಗೂ ಅನುಮಾನ.
ಎಂಜಲು ಅನ್ನಲು ನಮ್ಮಲ್ಲಿ ಒಂದು ಪದವಿಲ್ಲ.
ಇದ್ದರೂ ಆ ಕೋಣೆಯೊಳಕ್ಕೆ
ಅದನ್ನು ಬಿಟ್ಟುಕೊಳ್ಳುತ್ತಿರಲಿಲ್ಲ.

ಹೋದ ಚಳಿಗಾಲ ಎರ್ಮಿಂದಾ ಕೆಂಗಣ್ಣು ಮಾಡಿಕೊಂಡು ಬಂದಳು.
'ಜ್ವರವಲ್ಲ, ಒಲೆಯ ಹೊಗೆ' ಅಂದಳು.
ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.
ಇಲ್ಲಿ ಕೂಲಿ ಕಿಲೋ ಲೆಕ್ಕ,
ಮಲಗಿದವರ ಹೆಸರಿನ ಮುಂದೆ ಸೊನ್ನೆ.
ನಾನೇ ಸುರಿದೆ. ಅವಳು ಹೀರಿದಳು.
ನಾನೇ ಇಸಿದುಕೊಂಡು, ತುಂಬಿಸಿ, ಪಕ್ಕದವನಿಗೆ ಕೊಟ್ಟೆ.
ಸೋಮವಾರ ಒಬ್ಬರು, ಬುಧವಾರ ಮೂವರು,
ಶನಿವಾರ ಬೆಲ್ಟು ಏಡಿಗಳನ್ನು ಹೊತ್ತು
ಯಾರ ಮುಂದೆಯೂ ನಿಲ್ಲದೆ ಓಡಿತು.

ಮನೆಗೆ ಅದನ್ನು ಒಯ್ದವಳು ನಾನು.
ಅತ್ತೆಯನ್ನು ಜಲಸಂಧಿ ದಾಟಿಸಿ ಆಸ್ಪತ್ರೆಗೆ ಸೇರಿಸಿದೆವು.
ವಾಪಸು ಬಂದದ್ದು ಅವಳ ಕೋಟು.
ಯಾರೂ ನನ್ನನ್ನು ಬೈಯಲಿಲ್ಲ.
ಬೈದಿದ್ದರೆ
ಕೆಟಲು ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ಈ ವರ್ಷ ನರ್ಸ್ ಮಕರೇನಾ ನೀಲಿ ಐಸ್ ಪೆಟ್ಟಿಗೆ ಹಿಡಿದು ಬಂದಳು.
ಮುಳ್ಳೇಡಿಯನ್ನು ಬರಿಗೈಲಿ ಎತ್ತುವ ಬಾಲ್ದೊಮೇರೋ
ಸೂಜಿ ಕಂಡು ಗೋಡೆಗೆ ಮುಖ ತಿರುಗಿಸಿದ.
ಗೋಡೆಯ ಮೇಲೆ ಅವಳೇ ಅಂಟಿಸಿದ ಚಿತ್ರಪಟ:
ಕೈ ತೊಳೆಯಿರಿ, ಮೊಣಕೈಗೆ ಕೆಮ್ಮಿ,
ಕಿಟಕಿ ತೆರೆದಿಡಿ
(ಬರೆದವರು ಇಲ್ಲಿಯ ಗಾಳಿ ಕಂಡವರಲ್ಲ).
ಕೊನೆಯ ಸಾಲು: ಮಾತೆ ಹಂಚಿಕೊಳ್ಳಬೇಡಿ.
ಎಂಟು ಜೋಡಿ ಕಣ್ಣು ನನ್ನ ಕೈಯ ಮೇಲೆ.
ಎಂಟಲ್ಲ, ಏಳು. ಎಂಟನೆಯದು ನನ್ನದೇ.

ಮೇಲಿನ ಕೋಣೆಗೆ ಹೋಗಿ ಓಸ್ತೊಯಿಚ್ ಸಾಹೇಬರನ್ನು ಕೇಳಿದೆ:
'ಕೊಳವೆ ಬೇರೆ ಮಾಡಿಕೊಳ್ಳುತ್ತೇವೆ,
ಜ್ವರದ ದಿನದ ಕಿಲೋ ಯಾರು ಕೊಡುತ್ತಾರೆ?'
'ನೋಡೋಣ' ಅಂದರು.
ಅವರು ಇನ್ನೂ ನೋಡುತ್ತಿದ್ದಾರೆ.
ತಕ್ಕಡಿಯ ಪಕ್ಕ ನಾವೇ ಒಂದು ಹಳದಿ ಕ್ರೇಟು ಇಟ್ಟೆವು.
ಮನೆಯಲ್ಲಿ ಮಲಗಿದವರ ಹೆಸರಿಗೆ
ದಿನಕ್ಕೆ ಒಬ್ಬೊಬ್ಬರದು ಎರಡೆರಡು ಕಿಲೋ.
ನೊಲ್ಫಾ ಗೊಣಗಿದಳು. ಗೊಣಗುತ್ತಲೇ ಹಾಕಿದಳು.

ಈಗ ಮೇಜಿನ ಮೇಲೆ ಎಂಟು ಬುರುಡೆ.
ಸುಳ್ಳು, ಐದು. ಒಬ್ಬನದು ಮೊಸರಿನ ಡಬ್ಬಿ,
ಎರಡು ಕಿವಿ ಒಡೆದ ಚಹಾ ಕಪ್ಪು.
ಮೊದಲ ವಾರ ಮಾತು ಹತ್ತಲಿಲ್ಲ.
ಎಂಟು ನಿಲ್ದಾಣದಲ್ಲಿ ಎಂಟು ಜನ
ಬೇರೆಬೇರೆ ಬಸ್ಸಿಗೆ ಕಾದ ಹಾಗೆ.
ಆದರೆ ಕೆಟಲು ಒಂದೇ. ಸುರಿಯುವವಳು ಇವತ್ತಿಗೂ ನಾನೇ.

ಇವತ್ತು ಎರ್ಮಿಂದಾಳ ಕುರ್ಚಿ ಖಾಲಿ.
ಬೆಳಗಿನ ಜಾವ ಐದಕ್ಕೆ ಸಂದೇಶ ಕಳಿಸಿದ್ದಳು:
'ಮೂವತ್ತೊಂಬತ್ತು. ಹೊಗೆಯಲ್ಲ, ಜ್ವರ.'
ನಾವು ನಕ್ಕೆವು. ಕ್ರೇಟು ಹತ್ತಕ್ಕೆ ಮೊದಲೇ ತುಂಬಿತು.
ನನ್ನ ಕೈ ಅಭ್ಯಾಸಬಲದಿಂದ
ಅವಳ ಕಪ್ಪಿಗೂ ಬಾಗಿ, ಅರ್ಧಕ್ಕೆ ತಡೆಯಿತು.

ಬಾಲ್ದೊಮೇರೋ ಎದ್ದುಹೋಗಿ
ಕಿಟಕಿಯನ್ನು ಎರಡು ಬೆರಳಷ್ಟು ತೆರೆದ.
ಬೆಳಕು ಬಂತು, ಹಿಂದೆಯೇ ಗಾಳಿ.
ಏಳು ಕಡೆಯ ಉಗಿ ಒಂದೇ ದಿಕ್ಕಿಗೆ ವಾಲಿತು.
'ಮುಚ್ಚೋ ಮಾರಾಯ' ಅಂದಳು ನೊಲ್ಫಾ,
ಶಾಲು ಎಳೆದುಕೊಂಡು, 'ಒಂದು ನಿಮಿಷ ಬಿಟ್ಟು.'