ಮೇಲ್ಬದಿ

ವರುಣಾ ಕೆರೆಯ ನೀರಿನ ಸ್ಕೂಟರು
ಮಂಡಿ ಮೊಹಲ್ಲಾದ ನಮ್ಮ ಶೆಡ್ಡಲ್ಲಿ, ಒಣಪಾಚಿ ಮೆತ್ತಿಕೊಂಡು.
ದಸ್ತಗೀರ್ ಮೇಸ್ತ್ರಿಗೆ ಜಾವಾ ಕತ್ತಲಲ್ಲೂ ಗೊತ್ತು.
ಇದು ಗೊತ್ತಿಲ್ಲ; ಒಪ್ಪಲೊಲ್ಲರು.

"ಹೊಗೆ ಹೋಗೋ ದಾರೀಲಿ ತಗಡಿನ ಬಾಗ್ಲು ಕಣೋ.
ನಿಧಾನಕ್ಕೆ ಓಡ್ವಾಗ ಮುಚ್ಚಿರ್ತದೆ, ರೇಸ್ ಕೊಟ್ರೆ ತೆಗೀತದೆ.
ತಲೆಕೆಳಗೆ ಕೂರ್ಸಿದ್ಯೋ, ಪಿಸ್ಟನ್ನಿಗೇ ಗುದ್ದು."

ಕೂರಿಸಿದ್ದು ನಾನು. ನಿನ್ನೆ ಸಂಜೆ, ಕರೆಂಟು ಹೋದಾಗ.

ಪ್ಲಗ್ಗು ಬಿಚ್ಚಿ, ಕೈಯಲ್ಲೇ ಇಂಜಿನ್ನು ತಿರುಗಿಸುತ್ತಾರೆ.
ಬಾಗಿಲನ್ನು ಒಳಕ್ಕೊತ್ತಿ ಹಿಡಿದ ನನ್ನ ಹೆಬ್ಬೆರಳು
ಕಿವಿಯಾಗುತ್ತದೆ.
ಪಿಸ್ಟನ್ನು ಏರುತ್ತದೆ. ಇನ್ನೂ ಏರುತ್ತದೆ.
"ತಾಗ್ತಾ?"
ಇಲ್ಲ ಎನ್ನಲು ಬಾಯಿ ತೆರೆದೆ.
ಟಿಕ್.

ಎಳೆಯುತ್ತಿದ್ದಂತೆ ಕಂಡಿತು: ಮಸಿಯಡಿ ಕೆತ್ತಿದ ಪುಟ್ಟ ಬಾಣ
ನೆಲ ನೋಡುತ್ತಿದೆ.
ಬೈಗುಳಕ್ಕೆ ಕಾದೆ.
ಮೇಸ್ತ್ರಿ ಸ್ಪ್ಯಾನರು ನನ್ನ ಕೈಗೇ ಕೊಟ್ಟು
ಹಾಡುಹಗಲಲ್ಲಿ
ತಾವೇ ಟಾರ್ಚು ಹಿಡಿದು ಕೂತರು.