ಶೇಷ ಒಂದು

ನನ್ನ ಅಂಗಡಿಯೊಳಗೇ ಬ್ಯಾಂಕಿದೆ.
ಹಿಟ್ಟಿನ ಮೂಟೆಗೂ ಹಗ್ಗದ ಸಿಂಬಿಗೂ ನಡುವೆ
ಅಂಗೈಯಗಲದ ಯಂತ್ರ, ಹಸಿರು ದೀಪ,
ಕೂಗಳತೆಯಲ್ಲಿ ಸಮುದ್ರ.
ಕಾಸ್ತ್ರೋದಿಂದ ದೋಣಿ ವಾರಕ್ಕೆ ಮೂರು ಸಲ,
ಗಾಳಿ ಒಪ್ಪಿದರೆ.

ದುಡ್ಡು ತೆಗೆಯಲು ಬಂದವರು ಮೊದಲು ರೂತ್ ಹೇಳಬೇಕು,
ಹೆಸರಿನ ಜೊತೆಗೆ ದೇಶ ಬರೆದುಕೊಡುವ ನಂಬರು.
ಚಿಲಿಯಲ್ಲಿ ಅದನ್ನು ಯಾರೂ ಮುಚ್ಚಿಡುವುದಿಲ್ಲ.
ಔಷಧಿ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ,
ಗ್ಯಾಸ್ ಸಿಲಿಂಡರಿಗೆ ಕೂಡ
ಒಮ್ಮೆ ಕೆಮ್ಮಿ ಹೇಳಿಬಿಡುತ್ತಾರೆ.
ಹನ್ನೊಂದು ವರ್ಷ ಕೇಳಿ ಕೇಳಿ
ನನಗೆ ಮುಖಕ್ಕಿಂತ ಮೊದಲು ನಂಬರು ನೆನಪಾಗುತ್ತದೆ.
ಐವತ್ತು ಲಕ್ಷದಿಂದ ಶುರುವಾದರೆ ಮೊಣಕಾಲು ನೋವು,
ಎರಡು ಕೋಟಿ ದಾಟಿದರೆ ಈಗಷ್ಟೇ ಮೀಸೆ,
ಎರಡೂವರೆ ದಾಟಿದವರು ಹೆಚ್ಚಾಗಿ ಹೊರಗಿನಿಂದ ಬಂದವರು.
ಸಾಲ್ಮನ್ ಕಾರ್ಖಾನೆಯ ವಿಲ್ನರ್, ಹೈಟಿಯವನು,
ಹೊಸ ಅಂಗಿ ತೊಟ್ಟವನಂತೆ ಹೇಳುತ್ತಾನೆ ತನ್ನದನ್ನು.
ಸತ್ತವರ ನಂಬರುಗಳೂ ಹೋಗಿಲ್ಲ.
ಮೊಳೆ ತೂಗುವಾಗ ಒಂದೊಂದು
ನಾಲಗೆಯ ತುದಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ.

ಎದುವಿನಾ ನಾವೆಲ್ಕೀನ್ ಬಂದದ್ದು ಮಂಗಳವಾರ,
ಕಡಲಪಾಚಿಯ ಬುಟ್ಟಿ ಬಾಗಿಲಲ್ಲೇ ಇಳಿಸಿ.
ಇನ್ನು ಪಿಂಚಣಿ ನೋಟಾಗಿ ದೋಣಿಯಲ್ಲಿ ಬರುವುದಿಲ್ಲವಂತೆ,
ಖಾತೆ ಬೇಕಂತೆ.
“ಖಾತೆಗೆ ಯಾವ ನಂಬರು?”
“ನಿಮ್ಮ ರೂತೇ ಅಜ್ಜಿ. ಬೇರೆ ಇಲ್ಲ.”
“ನನ್ನದನ್ನೇ ನನಗೆ ಕೊಡುವುದಕ್ಕೆ ಇಷ್ಟು ಕಾಗದವೇ?”

ಸಾಲು ನಕ್ಕಿತು. ಅವಳು ನಗಲಿಲ್ಲ.
ಕಾರ್ಡು ಮುಂದೆ ನೂಕಿದಳು.
ನನ್ನ ಕನ್ನಡಕ ರಿಪೇರಿಗೆ ಹೋಗಿತ್ತು,
ಬಾಯಲ್ಲೇ ಹೇಳಿ ಎಂದೆ.
ಕಿವಿಗೆ ಬಾಗಿದಳು, ಪಾದ್ರಿಗೆ ಹೇಳುವ ಹಾಗೆ.
(ಇಲ್ಲಿ ಬರೆಯುವುದಿಲ್ಲ. ಅದು ಅವಳದು.)
ಯಂತ್ರ ಒಪ್ಪಲಿಲ್ಲ.
ಇನ್ನೊಮ್ಮೆ. ಒಪ್ಪಲಿಲ್ಲ.
“ಕೊನೆಯದೊಂದು ಬಿಟ್ಟಿದ್ದೀರಿ.”

ಅವಳು ಸಾಲಿನ ಕಡೆ ತಿರುಗಿ ನೋಡಿದಳು.
ಸಾಲಿಗೆ ಬುದ್ಧಿಯಿತ್ತು:
ಒರ್ಫೆಲಿನಾ ಈರುಳ್ಳಿ ಮೂಸಿದಳು,
ವಿಲ್ನರ್ ಸೂರಿನ ಹಲಗೆ ಎಣಿಸಿದ.
“ಎಲ್ಲರಿಗೂ ಅಂಕೆ. ನನಗೆ ಮಾತ್ರ ಅಕ್ಷರ.
ಕೆ ಅಂತೆ.
ಓದು ಬಾರದವಳೆಂದು ಆ ಗುಮಾಸ್ತ ಅಣಕಿಸಿದ.
ಅವತ್ತಿನಿಂದ ಕಾರ್ಡು ತೋರಿಸುತ್ತೇನೆ, ಬಾಯಿ ಬಿಡುವುದಿಲ್ಲ.”

ಸಕ್ಕರೆ ಚೀಲದ ಕಾಗದ ಹರಿದು
ದಪ್ಪ ಪೆನ್ಸಿಲಿನಲ್ಲಿ ಬರೆದು ತೋರಿಸಿದೆ.
ಬಲಗಡೆಯಿಂದ ಹೊರಡಬೇಕು.
ಎರಡರಿಂದ ಗುಣಿಸು, ಮೂರರಿಂದ, ನಾಲ್ಕರಿಂದ,
ಏಳರ ತನಕ ಹೋಗಿ ಮತ್ತೆ ಎರಡಕ್ಕೆ ಬಾ.
ಕೂಡು. ಹನ್ನೊಂದರಿಂದ ಭಾಗಿಸು.
ಉಳಿದದ್ದನ್ನು ಹನ್ನೊಂದರಲ್ಲಿ ಕಳೆ.
“ನಿಮಗೆ ಉಳಿದದ್ದು ಒಂದು. ಕಳೆದರೆ ಹತ್ತು.
ಒಂದು ಮನೆಯಲ್ಲಿ ಹತ್ತು ಹಿಡಿಯುವುದಿಲ್ಲ ಅಜ್ಜಿ,
ಅದಕ್ಕೇ ಕೆ.”

“ಹಿಡಿಯುತ್ತದೆ,” ಎಂದಳು.
“ಒಂದೇ ಮನೆಯಲ್ಲಿ ಹತ್ತು ಜನ ಇದ್ದೆವು.”
ಆಮೇಲೆ ಉಪ್ಪಿಗೆ ಬಿರಿದ ಬೆರಳು ಕಾಗದದ ಮೇಲೆ ಬಂತು.
“ಉಳಿದದ್ದು ಇದೇನಾ?”
“ಅದೇ. ಒಂದು.”
“ಲೆಕ್ಕ ಸರಿಯಾಗಿದೆ.”

ಮತ್ತೆ ಹೇಳಿದಳು, ಈ ಸಲ ಪೂರ್ತಿ,
ಕೆ ಬಂದಾಗ ಬಾಗಿಲಾಚೆಯ ನಾಯಿ ಕಿವಿ ನಿಮಿರಿಸುವಷ್ಟು ಜೋರಾಗಿ.
ಯಂತ್ರ ಕೀಚ್ ಎಂದು ಚೀಟಿ ಉಗುಳಿತು.

ಹೊರಡಲಿಲ್ಲ ಅವಳು.
“ನನ್ನದು ಕೊಟ್ಟೆ. ನಿನ್ನದು ಹೇಳು.”

ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಒರ್ಫೆಲಿನಾಳ ಈರುಳ್ಳಿ ಅರ್ಧ ದಾರಿಯಲ್ಲಿ ನಿಂತಿತು.
ಹೇಳಿದೆ. ನಡುವೆ ತಪ್ಪಿ, ಮೊದಲಿನಿಂದ ಹೇಳಿದೆ.
ಅವಳ ತುಟಿಗಳು ನನ್ನ ಹಿಂದೆಯೇ ಬಂದವು, ಒಂದು ಅಂಕೆ ದೂರದಲ್ಲಿ.
ಬರೆಯಲು ಬಾರದವಳು.
ಮರೆಯಲೂ ಬಾರದು ಅವಳಿಗೆ.

ರಾತ್ರಿ ಬಾಗಿಲು ಹಾಕಿ ಬೀಗವನ್ನು ಎರಡು ಸಲ ಎಳೆದು ನೋಡಿದೆ.
ದ್ವೀಪದ ಆ ತುದಿಯಲ್ಲಿ, ಒಲೆಯ ಪಕ್ಕ,
ಪಾಚಿ ಒಣಗಲು ಹರವುತ್ತ
ಒಬ್ಬಳು ನನ್ನನ್ನು
ಬಲದಿಂದ ಎಡಕ್ಕೆ ಎಣಿಸುತ್ತಿರಬಹುದು.